ಗೇರ್ ಬೀಳದಿದ್ದಾಗ ಸ್ಕ್ರೂ ಮುಟ್ಟುವುದು ಕೊನೆಗೆ

ಮೌಂಟನ್ ಬೈಕಿನ ಚೈನು ಕಟಕಟ ಅನ್ನತೊಡಗಿದರೆ, ಇಲ್ಲವೇ ಲಿವರ್ ಒತ್ತಿದರೂ ಗೇರ್ ಬೀಳದಿದ್ದರೆ, ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಮೇಲೆ ‘ಎಚ್’, ‘ಎಲ್’ ಅಕ್ಷರಗಳ ಪಕ್ಕ ಎರಡು ಸ್ಕ್ರೂ ಕಾಣುತ್ತವಲ್ಲ, ಅವು ಇರುವುದೇ ತಿರುಗಿಸಲಿಕ್ಕೆ ಅನ್ನಿಸುತ್ತದೆ. ಒಂದು ಸುತ್ತು ಇತ್ತ, ಅರ್ಧ ಸುತ್ತು ಅತ್ತ. ಸಂಜೆಯಾಗುವಷ್ಟರಲ್ಲಿ ಬೆಳಿಗ್ಗೆ ಬೀಳುತ್ತಿದ್ದ ಗೇರ್‌ಗಳೂ ಬೀಳುವುದಿಲ್ಲ.

ಹೋದ ತಿಂಗಳವರೆಗೆ ನೆಟ್ಟಗೆ ಓಡುತ್ತಿದ್ದ ಸೈಕಲ್ಲಿನ ಸ್ಕ್ರೂ ತನ್ನಷ್ಟಕ್ಕೆ ತಿರುಗಿಕೊಂಡಿರುವ ಸಂಭವ ತೀರಾ ಕಡಿಮೆ. ಬದಲಾಗಿರುವುದು ಬೇರೇನೋ. ಗೇರ್ ವೈರಿನ ಔಟರ್ (ಹೊರಗಿನ ಕೊಳವೆ) ಒಳಗೆ ಕೆಸರು ಸೇರಿರಬಹುದು, ಡಿರೇಲರನ್ನು ಹಿಡಿದಿಡುವ ಹ್ಯಾಂಗರ್ ಬಾಗಿರಬಹುದು, ಚೈನು ಸವೆದಿರಬಹುದು, ಪಂಕ್ಚರ್ ಹಾಕಿಸಿದ ಮೇಲೆ ಚಕ್ರವೇ ಸೊಟ್ಟಗೆ ಕೂತಿರಬಹುದು. ಇವನ್ನು ಬಿಟ್ಟು ಸ್ಕ್ರೂ ತಿರುಗಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದನ್ನು ಪೇರಿಸಿದಂತೆ. ಆದ್ದರಿಂದ ಈ ಲೇಖನದಲ್ಲಿ ಸ್ಕ್ರೂಗಳ ಸರದಿ ತಡವಾಗಿ ಬರುತ್ತದೆ.

ಇಲ್ಲಿ ನನ್ನ ಮನಸ್ಸಿನಲ್ಲಿರುವುದು ನಮ್ಮ ಊರುಗಳಲ್ಲಿ ಹೆಚ್ಚಾಗಿ ಓಡುವ ಸೈಕಲ್: ಮುಂದೆ ಮೂರು, ಹಿಂದೆ ಏಳು ಅಥವಾ ಎಂಟು ಹಲ್ಲುಚಕ್ರ, ಶಿಮಾನೊ ಕಂಪನಿಯ ಟೂರ್ನಿ ಅಥವಾ ಆಲ್ಟಸ್ ದರ್ಜೆಯ ಡಿರೇಲರ್. ಮುಂದೆ ಒಂದೇ, ಹಿಂದೆ ಹತ್ತು–ಹನ್ನೆರಡು ಇರುವ ಹೊಸ ಸೈಕಲ್ಲಿಗೂ ಇದೇ ಕ್ರಮ ಸಾಕು, ಅಳತೆಗಳು ಮಾತ್ರ ಇನ್ನಷ್ಟು ಸೂಕ್ಷ್ಮ. ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಗೇರ್‌ಗಳ ವಿಷಯ ಬೇರೆ.

ಮೊದಲು ಒಂದು ತತ್ವ

ಹಿಂದಿನ ಡಿರೇಲರ್ ಒಳಗೆ ಒಂದು ಸ್ಪ್ರಿಂಗ್ ಇದೆ. ಅದು ಸದಾ ಚೈನನ್ನು ಹೊರಕ್ಕೆ, ಅಂದರೆ ಅತಿ ಚಿಕ್ಕ ಹಲ್ಲುಚಕ್ರದ ಕಡೆಗೆ ಎಳೆಯುತ್ತದೆ. ಗೇರ್ ವೈರು ಅದಕ್ಕೆದುರಾಗಿ ಒಳಕ್ಕೆ, ದೊಡ್ಡ ಹಲ್ಲುಚಕ್ರದ ಕಡೆಗೆ ಎಳೆಯುತ್ತದೆ. ಇಷ್ಟು ನೆನಪಿದ್ದರೆ ಅರ್ಧ ರೋಗ ಪತ್ತೆಯಾದಂತೆ.

ಚಿಕ್ಕದರಿಂದ ದೊಡ್ಡದಕ್ಕೆ ಏರುವಾಗ ಚೈನು ಹಿಂಜರಿಯುತ್ತಿದೆಯೇ? ವೈರು ಸಡಿಲವಾಗಿದೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ತಡವಾಗುತ್ತಿದೆಯೇ? ವೈರು ಅತಿಯಾಗಿ ಬಿಗಿದಿದೆ, ಅಥವಾ ಔಟರ್ ಒಳಗೆ ಉಜ್ಜುತ್ತಿದೆ; ಬಿಟ್ಟುಕೊಟ್ಟ ವೈರನ್ನು ಸ್ಪ್ರಿಂಗ್‌ಗೆ ಎಳೆದುಕೊಳ್ಳಲಾಗುತ್ತಿಲ್ಲ. ಏರುವಾಗಲೂ ತೊಂದರೆ, ಇಳಿಯುವಾಗಲೂ ತೊಂದರೆ ಎಂದಾದರೆ ಹ್ಯಾಂಗರ್ ಅಥವಾ ಔಟರ್ ಮೇಲೆ ಅನುಮಾನ ಪಡಿ. ಲಿವರ್ ಮುಟ್ಟದೆಯೇ, ಜೋರಾಗಿ ತುಳಿದಾಗ ಮಾತ್ರ ಚೈನು ಧಡ್ ಎಂದು ಹಾರುತ್ತಿದ್ದರೆ ಸವೆತ.

ಎಷ್ಟು ಸಣ್ಣ ವ್ಯತ್ಯಾಸಕ್ಕೆ ಇದೆಲ್ಲ ಆಗುತ್ತದೆ ಎಂದರೆ, ಎಂಟರ ಸೆಟ್ಟಿನಲ್ಲಿ ಒಂದು ಹಲ್ಲುಚಕ್ರದ ನಡುವಿನಿಂದ ಇನ್ನೊಂದರ ನಡುವಿಗೆ 4.8 ಮಿ.ಮೀ. ಒಂಬತ್ತರಲ್ಲಿ 4.35, ಹತ್ತರಲ್ಲಿ 3.95. ಶಿಮಾನೊದ ಈ ಹಳೆಯ ಬಗೆಯ ಡಿರೇಲರ್‌ಗಳಲ್ಲಿ ವೈರು 1 ಮಿ.ಮೀ. ಸರಿದರೆ ಡಿರೇಲರ್ ಸುಮಾರು 1.7 ಮಿ.ಮೀ. ಸರಿಯುತ್ತದೆ. ವೈರಿನಲ್ಲಿ ಅರ್ಧ ಮಿ.ಮೀ. ಏರುಪೇರಾದರೆ ಸಾಕು, ಚೈನು ಪಕ್ಕದ ಹಲ್ಲಿಗೆ ತಾಗಿ ಸದ್ದು ಮಾಡುತ್ತದೆ.

ಸೈಕಲ್ ನಿಲ್ಲಿಸುವ ಬಗೆ

ಹಿಂದಿನ ಚಕ್ರ ನೆಲ ಬಿಟ್ಟು ತಿರುಗಬೇಕು, ಪೆಡಲ್ ಕೈಗೆ ಸಿಗಬೇಕು. ರಿಪೇರಿ ಸ್ಟ್ಯಾಂಡ್ ಇಲ್ಲದಿದ್ದರೆ ಸೀಟಿನ ಮೂತಿಗೆ ಹಗ್ಗ ಹಾಕಿ ಜಂತೆಗೋ ಮಾವಿನ ಕೊಂಬೆಗೋ ನೇತುಹಾಕಿ. ಇದಕ್ಕಿಂತ ಸುಲಭದ ಸ್ಟ್ಯಾಂಡ್ ಇಲ್ಲ. ತಲೆಕೆಳಗೆ ಮಾಡಿ ನಿಲ್ಲಿಸುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ: ಶಿಫ್ಟರ್‌ಗಳು (ಹ್ಯಾಂಡಲ್ ಮೇಲಿನ ಗೇರ್ ಲಿವರ್‌ಗಳು) ನೆಲಕ್ಕೆ ಒತ್ತಿಕೊಳ್ಳುತ್ತವೆ, ಎಡ ಬಲ ಗೊಂದಲವಾಗುತ್ತದೆ. ಬೇರೆ ದಾರಿಯಿಲ್ಲದಾಗ ನಡೆಯುತ್ತದೆ ಅಷ್ಟೆ.

ಬೇಕಾದ ಸಾಮಾನು: 5 ಮಿ.ಮೀ. ಅಲೆನ್ ಕೀ, ಸ್ಟಾರ್ ಸ್ಕ್ರೂಡ್ರೈವರ್, ಉಕ್ಕಿನ ಸ್ಕೇಲು, ಹಳೇ ಬನಿಯನ್ ತುಂಡು, ತೆಳು ಎಣ್ಣೆ.

ಹಿಂದಿನಿಂದ ನಿಂತು ನೋಡಿ

ಸೈಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಹಲ್ಲುಚಕ್ರಗಳ ಮಟ್ಟಕ್ಕೆ ತನ್ನಿ. ಮೊದಲ ಪ್ರಶ್ನೆ, ಚಕ್ರ ಫ್ರೇಮಿನ ನಡುವೆ ನೇರವಾಗಿ ಕೂತಿದೆಯೇ? ಚಕ್ರ ಬಿಗಿಯುವ ಲಿವರ್, ಅಂದರೆ ಕ್ವಿಕ್ ರಿಲೀಸ್ ಸಡಿಲಿಸಿ, ಸೈಕಲ್ಲನ್ನು ನೆಲಕ್ಕೆ ಊರಿ ಭಾರ ಹಾಕಿ, ಆಕ್ಸಲ್ ಎರಡೂ ಕಡೆ ಪೂರ್ತಿ ಒಳಕ್ಕೆ ಕೂರುವಂತೆ ಮಾಡಿ ಮತ್ತೆ ಬಿಗಿಯಿರಿ. ಪಂಕ್ಚರ್ ಆದ ಮಾರನೆಯ ದಿನವೇ ಶುರುವಾದ ಗೇರ್ ತೊಂದರೆ ಬಹಳ ಸಲ ಇಲ್ಲೇ ಮುಗಿಯುತ್ತದೆ.

ಎರಡನೆಯದು ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಆ ಪುಟ್ಟ ಲೋಹದ ತುಂಡು. ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಏಟು ಬಿದ್ದಾಗ ಫ್ರೇಮ್ ಉಳಿದು ಅದು ಬಾಗಲಿ ಎಂದು. ಡಿರೇಲರ್‌ನ ಎರಡು ಪುಟ್ಟ ಪುಲ್ಲಿಗಳು ಮತ್ತು ಅವುಗಳ ಮೇಲಿರುವ ಹಲ್ಲುಚಕ್ರ ಒಂದೇ ಲಂಬ ಗೆರೆಯಲ್ಲಿ ಕಾಣಬೇಕು. ಕೆಳಗಿನ ಪುಲ್ಲಿ ಒಳಕ್ಕೆ, ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ ಎಂದೇ ಲೆಕ್ಕ.

ಇದಕ್ಕೆ ಬೀಳಲೇಬೇಕೆಂದಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ಲನ್ನು ಬಲಮಗ್ಗುಲಿಗೆ ಮಲಗಿಸಿ ಮೇಲೆ ನಾಲ್ಕು ಚೀಲ ಹೇರಿದರೆ ಸಾಕು. ಬೆಂಗಳೂರಿನಿಂದ ಚಿಕ್ಕಮಗಳೂರಿಗೋ ಮಡಿಕೇರಿಗೋ ಸೈಕಲ್ ಒಯ್ಯುವವರು ಚೈನಿನ ಕಡೆ ಮೇಲಕ್ಕೆ ಬರುವಂತೆ ಎಡಮಗ್ಗುಲಿಗೆ ಮಲಗಿಸಬೇಕು. ಕಂಡಕ್ಟರ್ ಎಷ್ಟೇ ಅವಸರ ಮಾಡಲಿ, ಇದೊಂದನ್ನು ನೀವೇ ನಿಂತು ಮಾಡಿಸಿ.

ಅಂಗಡಿಗಳಲ್ಲಿ ಇದನ್ನು ಅಳೆಯುವ ಉದ್ದ ತೋಳಿನ ಉಪಕರಣ ಇರುತ್ತದೆ. ಡಿರೇಲರ್ ಬಿಚ್ಚಿ ಅದೇ ತೂತಿಗೆ ಅದನ್ನು ತಿರುಗಿಸಿ ಕೂರಿಸಿ, ರಿಮ್ಮಿನ ಮೇಲೆ, ಕೆಳಗೆ, ಮುಂದೆ, ಹಿಂದೆ ನಾಲ್ಕು ಕಡೆ ಅಂತರ ನೋಡುತ್ತಾರೆ. 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಆ ಉಪಕರಣ ನಿಮ್ಮಲ್ಲಿಲ್ಲದಿದ್ದರೆ ಹಳೆಯ ಉಪಾಯವೊಂದಿದೆ. ಹ್ಯಾಂಗರಿನ ತೂತಿನ ಮರೆ (ತಿರುಪಿನ ಗೀರು) 10 ಮಿ.ಮೀ. ಅಗಲ, 1 ಮಿ.ಮೀ. ಅಂತರದ್ದು; ಕ್ವಿಕ್ ರಿಲೀಸ್ ಇರುವ ಹಿಂಚಕ್ರದ ಆಕ್ಸಲ್‌ಗೂ ಸಾಮಾನ್ಯವಾಗಿ ಅದೇ ಮರೆ. ಗೆಳೆಯರ ಸೈಕಲ್ಲಿನ ಹಿಂಚಕ್ರ ತಂದು, ಅದರ ಕ್ವಿಕ್ ರಿಲೀಸ್ ಕಡ್ಡಿ ತೆಗೆದು, ಆಕ್ಸಲ್ ತುದಿಯನ್ನು ನಿಮ್ಮ ಹ್ಯಾಂಗರ್‌ಗೆ ಮೆಲ್ಲಗೆ ತಿರುಗಿಸಿ ಕೂರಿಸಿ. ಈಗ ಎರಡು ಚಕ್ರ ಅಕ್ಕಪಕ್ಕ ನಿಂತಿವೆ. ಎರಡು ರಿಮ್ಮುಗಳ ನಡುವಿನ ಅಂತರ ಸುತ್ತಲೂ ಒಂದೇ ಇದ್ದರೆ ಹ್ಯಾಂಗರ್ ನೇರವಾಗಿದೆ. ಇಲ್ಲದಿದ್ದರೆ ಆ ಚಕ್ರವನ್ನೇ ಹಿಡಿದು ಸ್ವಲ್ಪ ಸ್ವಲ್ಪವೇ ಒತ್ತಿ ಸರಿಮಾಡಬಹುದು. ಮರೆ ಸಲೀಸಾಗಿ ಹಿಡಿಯದಿದ್ದರೆ ಬಲ ಹಾಕಬೇಡಿ, ಅದು ಬೇರೆ ಅಳತೆಯ ಆಕ್ಸಲ್.

ಉಕ್ಕಿನ ಹ್ಯಾಂಗರ್ ಇಂಥ ಬಗ್ಗಿಸುವಿಕೆಯನ್ನು ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಒಂದೆರಡು ಸಲದ ಮೇಲೆ ಬಿರುಕು ಬಿಡುತ್ತದೆ. ಬದಲಿ ಹ್ಯಾಂಗರ್ ಕೊಳ್ಳುವಾಗ ಹಳೆಯದನ್ನು ಬಿಚ್ಚಿ ಒಯ್ಯಿರಿ, ಏಕೆಂದರೆ ಕಂಪನಿಗೊಂದು, ಮಾಡೆಲ್ಲಿಗೊಂದು ಆಕಾರ. ಸ್ರ್ಯಾಮ್ ಕಂಪನಿ 2019ರಲ್ಲಿ ಎಲ್ಲ ಫ್ರೇಮಿಗೂ ಒಂದೇ ಹ್ಯಾಂಗರ್ ಇರಲಿ ಎಂದು ಯುಡಿಎಚ್ ತಂದಿತು. ಹೊಸ ದುಬಾರಿ ಸೈಕಲ್ಲುಗಳಲ್ಲಿ ಅದು ಸಿಗುತ್ತದೆ, ನಮ್ಮ ಕಡಿಮೆ ಬೆಲೆಯ ಫ್ರೇಮುಗಳಿಗೆ ಇನ್ನೂ ಇಳಿದಿಲ್ಲ. ಕಾಡಿನ ದಾರಿಗೆ ಹೋಗುವವರು ಒಂದು ಬದಲಿ ಹ್ಯಾಂಗರನ್ನು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಕೊಂಡಿರುವುದು ಒಳ್ಳೆಯದು.

ವೈರು ಮತ್ತು ಔಟರ್

ನನ್ನ ಲೆಕ್ಕದಲ್ಲಿ ಮಲೆನಾಡಿನ ಸೈಕಲ್ಲುಗಳ ನಂಬರ್ ಒನ್ ಕಾಯಿಲೆ ಇದು. ಒಂದು ಮಳೆಗಾಲ ಕೆಮ್ಮಣ್ಣಿನಲ್ಲಿ ಓಡಿದ ಸೈಕಲ್ಲಿನ ಔಟರ್ ಬಿಚ್ಚಿದರೆ ಒಳಗಿನಿಂದ ಕಂದು ಗಂಜಿ ಬರುತ್ತದೆ.

ಪರೀಕ್ಷೆಗೆ ಏನನ್ನೂ ಬಿಚ್ಚಬೇಕಿಲ್ಲ. ಪೆಡಲ್ ತಿರುಗಿಸುತ್ತ ಹಿಂದೆ ಅತಿ ದೊಡ್ಡ ಹಲ್ಲುಚಕ್ರಕ್ಕೆ ಚೈನು ಏರಿಸಿ. ಪೆಡಲ್ ನಿಲ್ಲಿಸಿ. ಚಕ್ರ ತಿರುಗದಂತೆ ಹಿಡಿದು, ಶಿಫ್ಟರನ್ನು ಕೊನೆಯ ಚಿಕ್ಕ ಗೇರ್‌ವರೆಗೂ ಕ್ಲಿಕ್ ಕ್ಲಿಕ್ ಎಂದು ಬಿಡಿ. ಚೈನು ಇಳಿಯುವುದಿಲ್ಲ, ವೈರು ಮಾತ್ರ ಜೋತುಬೀಳುತ್ತದೆ. ಈಗ ಔಟರ್ ತುಂಡುಗಳನ್ನು ಫ್ರೇಮಿನ ಗೂಡುಗಳಿಂದ ಈಚೆಗೆ ಎಳೆದು ಇನ್ನರ್ (ಒಳಗಿನ ವೈರು) ಮೇಲೆ ಹಿಂದೆ ಮುಂದೆ ಜಾರಿಸಿ ನೋಡಿ. ಬೆರಳಿಗೆ ಏನೂ ತಡೆಯಬಾರದು. ಗರಗರ ಅನ್ನಿಸಿದರೆ, ಅಲ್ಲಿ ಬಯಲಾದ ಇನ್ನರನ್ನು ಬಟ್ಟೆಯಿಂದ ಒರೆಸಿ, ಒಂದು ಹನಿ ತೆಳು ಎಣ್ಣೆ ಸವರಿ. ಗಟ್ಟಿ ಗ್ರೀಸ್ ಬೇಡ. ಅದು ಧೂಳನ್ನು ಹಿಡಿದುಕೊಂಡು ಮುಂದಿನ ತಿಂಗಳು ಇನ್ನೂ ಕೆಟ್ಟದಾಗುತ್ತದೆ.

ಒರೆಸಿದರೂ ಸರಿಹೋಗದಿದ್ದರೆ, ಇನ್ನರಿನ ಎಳೆ ಒಂದಾದರೂ ಕಿತ್ತಿದ್ದರೆ, ಔಟರ್ ಎಲ್ಲಾದರೂ ಮುರಿದಂತೆ ಮಡಚಿದ್ದರೆ, ಎರಡನ್ನೂ ಬದಲಿಸಿ. ಡಿರೇಲರ್ ಹತ್ತಿರ ಬಾಗಿ ಬರುವ ಕೊನೆಯ ತುಂಡಿಗೇ ಹೆಚ್ಚು ಕೆಸರು ಹೋಗುವುದು. ದುಡ್ಡು ಉಳಿಸಬೇಕೆಂದರೆ ಅದೊಂದನ್ನಾದರೂ ಹೊಸದು ಹಾಕಿ.

ಅಂಗಡಿಯಲ್ಲಿ ಕಣ್ಣು ತೆರೆದು ಕೊಳ್ಳಿ. ಬ್ರೇಕಿನ ಔಟರ್ ಸಾಮಾನ್ಯವಾಗಿ 5 ಮಿ.ಮೀ. ದಪ್ಪ, ಒಳಗೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ತಂತಿ. ಗೇರಿನ ಔಟರ್ 4 ಮಿ.ಮೀ., ಒಳಗೆ ಉದ್ದಕ್ಕೂ ನೇರ ತಂತಿಗಳು. ಬ್ರೇಕಿನದನ್ನು ಗೇರ್‌ಗೆ ಹಾಕಿದರೆ ಲಿವರ್ ಒತ್ತಿದಾಗ ಸುರುಳಿ ಅಮುಕಿಕೊಂಡು ಉದ್ದವೇ ಬದಲಾಗುತ್ತದೆ. ದೇವರು ಬಂದರೂ ಆ ಗೇರ್ ಟ್ಯೂನ್ ಆಗುವುದಿಲ್ಲ. ಇನ್ನರ್ 1.2 ಮಿ.ಮೀ.ದು ಕೇಳಿ. ಗೇರ್ ಔಟರನ್ನು ಸಾದಾ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ, ಒಳಗಿನ ಪ್ಲಾಸ್ಟಿಕ್ ಕೊಳವೆ ಮುಚ್ಚಿಕೊಳ್ಳುತ್ತದೆ. ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಸಮ ಮಾಡಿ, ದಬ್ಬಳದಿಂದ ತೂತು ಬಿಡಿಸಿ, ಆಮೇಲೆ ಕ್ಯಾಪ್ ಹಾಕಬೇಕು. ಅರ್ಧ ನಿಮಿಷದ ಈ ಕೆಲಸವನ್ನು ಬಿಟ್ಟಿದ್ದರಿಂದಲೇ ಹೊಸ ವೈರು ಹಾಕಿಸಿದರೂ ಗೇರ್ ಸರಿಯಾಗದ ಸೈಕಲ್ಲುಗಳಿವೆ.

ಇದಕ್ಕೆಲ್ಲ ಒಂದು ಅಪವಾದ. ಸೈಕಲ್ ಅಥವಾ ವೈರು ಹೊಸದಾಗಿದ್ದರೆ ಮೊದಲ ಕೆಲವು ವಾರಗಳಲ್ಲಿ ಔಟರ್ ತುದಿಗಳು ತಮ್ಮ ಗೂಡುಗಳಲ್ಲಿ ಒತ್ತಿ ಕೂರುತ್ತವೆ, ವೈರು ಸಡಿಲವಾದಂತೆ ಆಗುತ್ತದೆ. ಅಲ್ಲಿ ಬೇರೇನೂ ಕೆಟ್ಟಿರುವುದಿಲ್ಲ. ಮುಂದೆ ಹೇಳುವ ಅಡ್ಜಸ್ಟರನ್ನು (ಔಟರಿನ ತುದಿಯಲ್ಲಿ ಕೈಯಿಂದ ತಿರುಗಿಸುವ ತಿರುಪು) ಅರ್ಧ, ಹೆಚ್ಚೆಂದರೆ ಒಂದು ಸುತ್ತು ಹೊರಕ್ಕೆ ತಿರುಗಿಸಿದರೆ ಮುಗಿಯಿತು.

ಶಿಫ್ಟರ್ ಒಳಗೇ ತೊಂದರೆ ಇರಬಹುದು. ಎರಡು ಮೂರು ವರ್ಷ ಮೂಲೆಯಲ್ಲಿ ನಿಂತ ಸೈಕಲ್ಲಿನ ಲಿವರ್ ಒತ್ತಿದರೆ ಹಿಡಿತವೇ ಸಿಗದೆ ಪುಸಕ್ಕನೆ ಒಳಗೆ ಹೋಗುವುದುಂಟು. ಒಳಗಿನ ಗ್ರೀಸ್ ಅಂಟಾಗಿ, ಪುಟ್ಟ ಕೊಕ್ಕೆಗಳು ಮೇಲೇಳುತ್ತಿಲ್ಲ ಅಷ್ಟೆ. ಹೊಸ ಶಿಫ್ಟರ್ ಕೊಳ್ಳುವ ಮೊದಲು ಸಂದಿಯಿಂದ ತೆಳು ಎಣ್ಣೆಯ ಸ್ಪ್ರೇ ಧಾರಾಳವಾಗಿ ಹೊಡೆದು, ಹತ್ತು ನಿಮಿಷ ಬಿಟ್ಟು, ಲಿವರನ್ನು ಮತ್ತೆ ಮತ್ತೆ ಒತ್ತಿ ನೋಡಿ. ಹೆಚ್ಚಾಗಿ ಜೀವ ಬರುತ್ತದೆ.

ಚೈನಿನ ಅಳತೆ

ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ., ಅಂದರೆ ಅರ್ಧ ಇಂಚು. 24 ಅಂತರಗಳಿಗೆ ಸರಿಯಾಗಿ 304.8 ಮಿ.ಮೀ. ಬರಬೇಕು. ಪೆಡಲನ್ನು ಒತ್ತಿ ಹಿಡಿದು ಚೈನಿನ ಮೇಲ್ಭಾಗ ಬಿಗಿಯಾಗಿರುವಾಗ ಸ್ಕೇಲ್ ಇಟ್ಟು, ಒಂದು ಪಿನ್ನಿನ ನಡುವಿನಿಂದ ಅಳೆಯಿರಿ. 307 ಮಿ.ಮೀ. ದಾಟಿದರೆ ಏಳು, ಎಂಟು, ಒಂಬತ್ತರ ಚೈನು ಬದಲಿಸುವ ಹೊತ್ತು. ಹನ್ನೊಂದು, ಹನ್ನೆರಡರದಾದರೆ 306 ದಾಟುತ್ತಲೇ ಬದಲಿಸಬೇಕು. 308 ಮುಟ್ಟುವವರೆಗೂ ಓಡಿಸಿದ್ದರೆ ಹಿಂದಿನ ಹಲ್ಲುಗಳನ್ನೂ ಚೈನು ತನ್ನ ಅಳತೆಗೆ ತಿಂದುಹಾಕಿರುತ್ತದೆ. ಆಗ ಹೊಸ ಚೈನು ಮಾತ್ರ ಹಾಕಿದರೆ ನೀವು ಹೆಚ್ಚು ಬಳಸುವ ಒಂದೆರಡು ಹಲ್ಲುಚಕ್ರಗಳಲ್ಲಿ ಏರು ಹತ್ತುವಾಗ ಜಾರುತ್ತದೆ. ಫ್ರೀವೀಲ್ ಅಥವಾ ಕ್ಯಾಸೆಟ್ಟನ್ನೂ, ಅಂದರೆ ಹಿಂದಿನ ಹಲ್ಲುಚಕ್ರಗಳ ಸೆಟ್ಟನ್ನೂ ಬದಲಿಸದೆ ಗತಿಯಿಲ್ಲ.

ಒಂದೇ ಲಯದಲ್ಲಿ, ಪೆಡಲ್ ಕೆಲವು ಸುತ್ತು ತಿರುಗಿದಾಗೊಮ್ಮೆ ಟಕ್ ಎನ್ನುತ್ತಿದ್ದರೆ ಒಂದು ಗೆಣ್ಣು ಗಟ್ಟಿಯಾಗಿದೆ. ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಿ, ಕೆಳಗಿನ ಪುಲ್ಲಿ ದಾಟುವಾಗ ಯಾವ ಗೆಣ್ಣು ನೆಟ್ಟಗಾಗದೆ ಎಗರುತ್ತದೆ ನೋಡಿ. ಎಣ್ಣೆ ಬಿಟ್ಟು, ಆ ಗೆಣ್ಣನ್ನು ಎರಡೂ ಕೈಯಿಂದ ಹಿಡಿದು ಅಡ್ಡಡ್ಡಲಾಗಿ ತುಸು ಅಲುಗಿಸಿದರೆ ಸಡಿಲವಾಗುತ್ತದೆ.

ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲನ್ನು ಚೈನಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಮೇಲೆ ಬೆಂಗಳೂರಿನ ತುರಹಳ್ಳಿ ಕಾಡಿನ ಧೂಳು ಕೂತರೆ ಮರಳುಕಾಗದವೇ ತಯಾರು. ಎಣ್ಣೆ ಯಾವುದೇ ಇರಲಿ, ಹಾಕಿ ಹತ್ತು ನಿಮಿಷದ ಮೇಲೆ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿಬಿಡಿ. ಕೆಲಸ ಇರುವುದು ಪಿನ್ನಿನ ಒಳಗಿನ ಎಣ್ಣೆಗೆ ಮಾತ್ರ.

ಈಗ ಸ್ಕ್ರೂಗಳು

ಮೇಲಿನದೆಲ್ಲ ಸರಿಯಿದ್ದು, ಗೇರ್ ಮಾತ್ರ ಸರಿಯಿಲ್ಲದಿದ್ದರೆ, ಅಥವಾ ನೀವು ಹೊಸ ವೈರು, ಹೊಸ ಹ್ಯಾಂಗರ್ ಹಾಕಿದ್ದರೆ, ಮೊದಲಿನಿಂದ ಟ್ಯೂನ್ ಮಾಡಬೇಕು. ಎಚ್ ಮತ್ತು ಎಲ್ ಸ್ಕ್ರೂಗಳು ಗೇರ್ ಬೀಳಿಸುವುದಿಲ್ಲ. ಡಿರೇಲರ್ ಎರಡು ಕೊನೆಗಳನ್ನು ದಾಟಿ ಹೋಗದಂತೆ ತಡೆಯುತ್ತವೆ ಅಷ್ಟೆ. ನಡುವಿನ ಗೇರ್‌ಗಳ ತೊಂದರೆಗೂ ಇವಕ್ಕೂ ಸಂಬಂಧವಿಲ್ಲ.

ಹಿಂದೆ ಚಿಕ್ಕ ಹಲ್ಲುಚಕ್ರಕ್ಕೆ ಚೈನು ಇಳಿಸಿ, ಡಿರೇಲರ್ ಮೇಲೆ ವೈರು ಕಚ್ಚಿ ಹಿಡಿದ ಬೋಲ್ಟನ್ನು 5 ಮಿ.ಮೀ. ಅಲೆನ್ ಕೀಯಿಂದ ಸಡಿಲಿಸಿ ವೈರು ಬಿಡಿಸಿ. ಈಗ ಡಿರೇಲರ್ ಸ್ಪ್ರಿಂಗಿನ ಬಲದಿಂದ ಎಚ್ ಸ್ಕ್ರೂವಿಗೆ ಒರಗಿ ನಿಂತಿದೆ. ಹಿಂದಿನಿಂದ ನೋಡಿದಾಗ ಮೇಲಿನ ಪುಲ್ಲಿ ಅತಿ ಚಿಕ್ಕ ಹಲ್ಲುಚಕ್ರದ ಹೊರ ಅಂಚಿನ ನೇರ ಕೆಳಗೆ ಬರುವಂತೆ ಎಚ್ ತಿರುಗಿಸಿ. ಕಾಲು ಸುತ್ತಿಗೊಮ್ಮೆ ಪೆಡಲ್ ತಿರುಗಿಸಿ ಕೇಳಿ.

ಎಲ್ ಸ್ಕ್ರೂವಿನ ವಿಷಯದಲ್ಲಿ ಆತುರ ಬೇಡ. ಇದು ಸಡಿಲವಾದರೆ ಚೈನು ದೊಡ್ಡ ಹಲ್ಲುಚಕ್ರ ದಾಟಿ ಕಡ್ಡಿಗಳ ಒಳಗೆ ಬೀಳುತ್ತದೆ, ಡಿರೇಲರ್ ಅದರ ಹಿಂದೆಯೇ ಹೋಗಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಏರಿನಲ್ಲಿ ಹಾಗಾದರೆ ಡಿರೇಲರ್, ಹ್ಯಾಂಗರ್, ಕಡ್ಡಿ ಮೂರೂ ಒಟ್ಟಿಗೆ ಹೋಗುತ್ತವೆ. ಪೆಡಲ್ ತಿರುಗಿಸುತ್ತ ಡಿರೇಲರನ್ನು ಕೈಯಿಂದ ಒಳಕ್ಕೆ ದಬ್ಬಿ ದೊಡ್ಡದಕ್ಕೆ ಏರಿಸಿ. ಪುಲ್ಲಿ ಆ ಹಲ್ಲುಚಕ್ರದ ನೇರ ಕೆಳಗೆ ನಿಲ್ಲಬೇಕು, ಎಷ್ಟು ಒತ್ತಿದರೂ ಅದರಾಚೆ ಹೋಗಬಾರದು. ಅಕ್ಷರ ಅಳಿಸಿಹೋಗಿ ಯಾವುದು ಯಾವ ಸ್ಕ್ರೂ ಎಂದು ತಿಳಿಯದಿದ್ದರೆ, ದೊಡ್ಡದರಲ್ಲಿ ಒತ್ತಿ ಹಿಡಿದುಕೊಂಡು ಒಂದನ್ನು ಬಿಗಿಯಿರಿ. ಡಿರೇಲರ್ ಹೊರಕ್ಕೆ ಸರಿದರೆ ಅದೇ ಎಲ್.

ಈಗ ಶಿಫ್ಟರನ್ನು ಕೊನೆಯ ಚಿಕ್ಕ ಗೇರ್‌ಗೆ ತಂದು, ಅಡ್ಜಸ್ಟರ್‌ಗಳನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಒಂದು ಸುತ್ತು ಹೊರಕ್ಕೆ ಬಿಡಿ. ವೈರಿನ ತುದಿಯನ್ನು ಪ್ಲೇಯರ್‌ನಿಂದ ಎಳೆದು ಹಿಡಿದು ಬೋಲ್ಟ್ ಬಿಗಿಯಿರಿ. ಒಂದು ಕ್ಲಿಕ್ ಏರಿಸಿ, ಚೈನು ಎರಡನೆಯ ಹಲ್ಲುಚಕ್ರಕ್ಕೆ ಬರಲಿ. ಶಿಮಾನೊ ಹೇಳುವ ಒಂದು ಪರೀಕ್ಷೆ ನನಗೆ ತುಂಬ ಇಷ್ಟ: ಪೆಡಲ್ ತಿರುಗಿಸುತ್ತಲೇ ಏರಿಸುವ ಲಿವರನ್ನು ಅದರ ಸಡಿಲು ಮುಗಿಯುವಷ್ಟು ಮಾತ್ರ ಒತ್ತಿ ಹಿಡಿಯಿರಿ. ಚೈನು ಮೂರನೆಯ ಹಲ್ಲುಚಕ್ರಕ್ಕೆ ತಾಗಿ ಸದ್ದಾಗಬೇಕು. ಲಿವರ್ ಬಿಟ್ಟರೆ ಸದ್ದು ನಿಲ್ಲಬೇಕು. ಒತ್ತಿದರೂ ಸದ್ದಿಲ್ಲವಾದರೆ ಅಡ್ಜಸ್ಟರನ್ನು ಹೊರಕ್ಕೆ ತಿರುಗಿಸಿ ವೈರು ಬಿಗಿ ಮಾಡಿ. ಬಿಟ್ಟಮೇಲೂ ಸದ್ದಿದ್ದರೆ ಒಳಕ್ಕೆ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ಬೇಡ.

ಮೂರನೆಯದಾಗಿ ಬಿ ಸ್ಕ್ರೂ, ಹ್ಯಾಂಗರಿನ ಬಳಿ ಇರುವುದು. ಮುಂದೆ ಚಿಕ್ಕದು, ಹಿಂದೆ ದೊಡ್ಡದರಲ್ಲಿ ಚೈನು ಇರುವಾಗ ಮೇಲಿನ ಪುಲ್ಲಿಗೂ ಹಲ್ಲುಗಳಿಗೂ 5–6 ಮಿ.ಮೀ. ಅಂತರ ಇದ್ದರೆ ಇಂಥ ಸೈಕಲ್ಲಿಗೆ ಸಾಕು. ತಾಗುವಂತಿದ್ದರೆ ಗರಗರ, ತೀರಾ ದೂರವಾದರೆ ಎಲ್ಲ ಗೇರೂ ಮಂದ.

ಏಳರ ಫ್ರೀವೀಲಿನಲ್ಲಿ 14ರಿಂದ 34 ಹಲ್ಲಿನದೊಂದು ಬಹಳ ಬಳಕೆಯಲ್ಲಿದೆ. ಅದರಲ್ಲಿ ಆರನೆಯದು 24 ಹಲ್ಲು, ಏಳನೆಯದು ನೇರವಾಗಿ 34. ಆ ಕೊನೆಯ ನೆಗೆತ ನಿಧಾನವಾಗಿಯೇ ಆಗುವುದು, ಅದನ್ನು ಸರಿಪಡಿಸಲು ಹೋಗಿ ಎಲ್ ಸಡಿಲಿಸಬೇಡಿ. ಏರು ಶುರುವಾಗುವ ಮುಂಚೆಯೇ, ಕಾಲಿನ ಒತ್ತಡ ಕಡಿಮೆ ಮಾಡಿ ಹಾಕಿಕೊಳ್ಳಿ.

ಮುಂದಿನ ಡಿರೇಲರ್

ಇದರ ಪಂಜರದ ಹೊರ ತಗಡು ದೊಡ್ಡ ಚೈನ್‌ರಿಂಗಿನ (ಮುಂದಿನ ಹಲ್ಲುಚಕ್ರದ) ಹಲ್ಲುಗಳಿಗಿಂತ 1–3 ಮಿ.ಮೀ. ಮೇಲಿರಬೇಕು, ಮೇಲಿನಿಂದ ನೋಡಿದರೆ ರಿಂಗಿಗೆ ಸಮಾಂತರವಾಗಿರಬೇಕು. ಇವೆರಡು ತಪ್ಪಿದ್ದರೆ ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯರ್ಥ. ಸರಿಯಿದ್ದರೆ ಮೊದಲು ಎಲ್, ಆಮೇಲೆ ವೈರು, ಕೊನೆಗೆ ಎಚ್. ಮುಂದೆ ದೊಡ್ಡದು, ಹಿಂದೆಯೂ ದೊಡ್ಡದು ಹಾಕಿದಾಗ ಚೈನು ಓರೆಯಾಗಿ ಪಂಜರಕ್ಕೆ ಉಜ್ಜುವುದು ದೋಷವಲ್ಲ. ಆ ಗೇರನ್ನೇ ಬಳಸಬೇಡಿ.

ಇಷ್ಟಾದರೂ ಗೇರ್ ಹೊಂದದಿದ್ದರೆ ಬಿಡಿಭಾಗಗಳ ಹೆಸರು ನೋಡಿ. ಬಲಗೈ ಶಿಫ್ಟರ್ ಒಂದು ಕಂಪನಿಯದು, ಡಿರೇಲರ್ ಇನ್ನೊಂದರದು ಆಗಿದ್ದರೆ ಒಂದು ಕ್ಲಿಕ್ಕಿಗೆ ಎಳೆಯುವ ವೈರಿನ ಉದ್ದವೇ ಬೇರೆಯಾಗಿರಬಹುದು. ಮೌಂಟನ್ ಬೈಕಿನ ಶಿಮಾನೊ ಒಂಬತ್ತರ ಶಿಫ್ಟರ್‌ಗೆ ಅದೇ ಕಂಪನಿಯ ಹತ್ತರ ಡಿರೇಲರ್ ಕೂಡ ಹೊಂದುವುದಿಲ್ಲ.

ದಾರಿಯಲ್ಲಿ ವೈರು ಕಿತ್ತುಹೋದರೆ

ಹಿಂದಿನ ಇನ್ನರ್ ಕಡಿದರೆ ಚೈನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಬಿದ್ದುಬಿಡುತ್ತದೆ. ಘಟ್ಟದ ಏರಿನಲ್ಲಿ ಆ ಗೇರ್ ತುಳಿಯಲಾಗದು. ಕಡಿದ ತುಂಡು ಚಕ್ರಕ್ಕೆ ಸಿಗದಂತೆ ಸುತ್ತಿ ಕಟ್ಟಿ. ಪೆಡಲ್ ತಿರುಗಿಸುತ್ತ ಎಚ್ ಸ್ಕ್ರೂವನ್ನು ಒಳಕ್ಕೆ ಬಿಗಿಯುತ್ತ ಹೋಗಿ, ಡಿರೇಲರ್ ಒಂದು, ಕೆಲವು ಮಾಡೆಲ್ಲುಗಳಲ್ಲಿ ಎರಡು ಹಲ್ಲುಚಕ್ರದಷ್ಟು ಒಳಗೆ ಬಂದು ನಿಲ್ಲುತ್ತದೆ. ಮುಂದಿನ ಮೂರು ಗೇರ್ ಹೇಗೂ ಇವೆ. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಲೆಕ್ಕವಿಟ್ಟರೆ ಮನೆಗೆ ಬಂದು ಹೊಸ ವೈರು ಹಾಕುವಾಗ ಅಷ್ಟೇ ಹಿಂದಕ್ಕೆ ಬಿಡಬಹುದು.

ಡಿರೇಲರೇ ಮುರಿದಿದ್ದರೆ ಚೈನ್ ಕಟರ್ ಇದ್ದವರಿಗೆ ಮಾತ್ರ ದಾರಿ: ಡಿರೇಲರನ್ನು ಬಿಟ್ಟು, ಮುಂದೆ ನಡುವಿನ ರಿಂಗ್, ಹಿಂದೆ ನಡುವಿನ ಒಂದು ಹಲ್ಲುಚಕ್ರಕ್ಕೆ ಚೈನು ನೇರವಾಗಿ ಸುತ್ತುವಂತೆ ತುಂಡರಿಸಿ ಜೋಡಿಸಿ, ಮೆಲ್ಲಗೆ ತುಳಿಯಿರಿ. ಹಿಂದೆ ಸಸ್ಪೆನ್ಷನ್ ಇರುವ ಸೈಕಲ್ಲಿನಲ್ಲಿ ಇದನ್ನು ಮಾಡಬೇಡಿ. ಸಸ್ಪೆನ್ಷನ್ ಅಮುಕಿದಾಗ ಚೈನಿನ ದಾರಿ ಉದ್ದವಾಗಿ ಇನ್ನೇನಾದರೂ ಕಿತ್ತುಬರುತ್ತದೆ.